ಗೂಗಲ್‌ನಲ್ಲಿ ಸೈಟ್ ಕೆಳಗೆ ಜಾರಿತೇ? ಕೈ ಹಾಕುವ ಮುಂಚೆ ಇದನ್ನು ಓದಿ

"ಸರ, ಮೊನ್ನೆ ತನಕ ಮೊದಲ ಪೇಜಿನ್ಯಾಗ ಇತ್ತು. ಇವತ್ತು ಎಷ್ಟ್ ಕೆಳಗ ಹೋದರೂ ಕಾಣವಲ್ದು. ಏನಾತ್ರಿ?"

ವರ್ಷಕ್ಕೆ ಮೂರು ನಾಲ್ಕು ಸಲ ಈ ಪ್ರಶ್ನೆಗೆ ಸುಗ್ಗಿ ಬರುತ್ತದೆ. ಬಳ್ಳಾರಿಯ ಜೀನ್ಸ್ ಹೋಲ್‌ಸೇಲ್‌ನವರು ಕೇಳುತ್ತಾರೆ, ಗಂಗಾವತಿಯ ಅಕ್ಕಿ ಮಿಲ್ಲಿನವರು ಕೇಳುತ್ತಾರೆ. ಆನೆಗೊಂದಿಯಲ್ಲಿ ಹೋಂಸ್ಟೇ ಇಟ್ಟವರು, ಕಿನ್ನಾಳದ ಗೊಂಬೆಯನ್ನು ಆನ್‌ಲೈನ್‌ನಲ್ಲಿ ಮಾರುವವರು, ರಾಯಚೂರಿನ ಕೋಚಿಂಗ್ ಸೆಂಟರಿನವರು, ಎಲ್ಲರದೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿದೆ. ಅದಕ್ಕೇ ಒಂದು ಸಲ ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಗೂಗಲ್‌ನಿಂದ ಆದ ನಷ್ಟಕ್ಕಿಂತ, ಗಾಬರಿಯಲ್ಲಿ ಮಾಲೀಕರೇ ಮಾಡಿಕೊಂಡ ನಷ್ಟವನ್ನು ಸರಿಪಡಿಸುವುದು ನನಗೆ ಜಾಸ್ತಿ ಕಷ್ಟವಾಗಿದೆ. ಹಾಗಂತ ಸುಮ್ನೆ ಕೈಕಟ್ಟಿ ಕೂರಿ ಅಂತಲೂ ಹೇಳಲಾರೆ. ಕೆಲವು ತೊಂದರೆಗೆ ಕಾಯಬೇಕು. ಕೆಲವನ್ನು ಇವತ್ತೇ ರಿಪೇರಿ ಮಾಡಬೇಕು. ಯಾವುದು ಯಾವುದು ಅಂತ ಗೊತ್ತಾದರೆ ಕಾಯುವುದು ಅಷ್ಟು ಕಷ್ಟ ಆಗುವುದಿಲ್ಲ.

ಏನೇನು ಬೇಕು

ಗೂಗಲ್ ಸರ್ಚ್ ಕನ್ಸೋಲ್ ಬೇಕೇ ಬೇಕು. ಇದು ಗೂಗಲ್ ಪುಕ್ಕಟೆಯಾಗಿ ಕೊಡುವ ಲೆಕ್ಕದ ಪುಸ್ತಕ. ಸೈಟ್ ನಿಮ್ಮದೇ ಅಂತ ಒಂದು ಸಲ ತೋರಿಸಿಕೊಟ್ಟರೆ, ಜನ ಏನು ಹುಡುಕಿ ನಿಮ್ಮಲ್ಲಿಗೆ ಬಂದರು ಅಂತ ಹೇಳುತ್ತದೆ. ಇನ್ನೂ ಸೇರಿಸಿಲ್ಲ ಅಂದರೆ ಇವತ್ತೇ ಸೇರಿಸಿ. ಸೈಟ್ ಮಾಡಿಕೊಟ್ಟ ಹುಡುಗನ ಹತ್ತಿರ ಮಾತ್ರ ಅದರ ಲಾಗಿನ್ ಇದ್ದರೆ, ನಿಮ್ಮನ್ನೂ ಮಾಲೀಕರಾಗಿ ಸೇರಿಸಲು ಹೇಳಿ. ಅಂಗಡಿಯ ಬೀಗದಕೈ ಬೇರೆಯವರ ಜೇಬಿನಲ್ಲಿ ಇರಬಾರದು, ಅಲ್ವಾ?

ಇನ್ನೊಂದು, 20 ರೂಪಾಯಿಯ ನೋಟ್‌ಬುಕ್. ಇದನ್ನು ಹೇಳಿದಾಗ ನಗುವವರೇ ಜಾಸ್ತಿ. ಆದರೆ ಕೊನೆಯಲ್ಲಿ ಕೆಲಸಕ್ಕೆ ಬರುವುದು ಇದೇ.

ನಾಲ್ಕು ಪದ ಗೊತ್ತಿರಲಿ. ಇಂಪ್ರೆಶನ್ ಅಂದರೆ ಹುಡುಕಿದವರ ಮುಂದೆ ನಿಮ್ಮ ಲಿಂಕ್ ಬಂದದ್ದು. ಕ್ಲಿಕ್ ಅಂದರೆ ಅದನ್ನು ಒತ್ತಿ ಒಳಗೆ ಬಂದದ್ದು. ಪೊಸಿಷನ್ ಅಂದರೆ ಸರಾಸರಿ ಎಷ್ಟನೇ ಜಾಗದಲ್ಲಿ ಕಂಡಿರಿ ಎಂಬ ನಂಬರ್, ಚಿಕ್ಕದಾದಷ್ಟು ಒಳ್ಳೆಯದು. ಇಂಡೆಕ್ಸ್ ಅಂದರೆ ಗೂಗಲ್‌ನ ಪಟ್ಟಿ. ಅದರಲ್ಲಿ ನಿಮ್ಮ ಪೇಜ್ ಇಲ್ಲ ಅಂದರೆ ಹತ್ತನೇ ಜಾಗವೂ ಇಲ್ಲ, ನೂರನೇ ಜಾಗವೂ ಇಲ್ಲ.

1. ನಿಮ್ಮ ಮೊಬೈಲ್‌ನಲ್ಲಿ ಹುಡುಕಿ ನೋಡುವುದನ್ನು ಬಿಡಿ

ಎಲ್ಲರೂ ಮಾಡುವ ಮೊದಲ ತಪ್ಪು ಇದು. ಬೆಳಿಗ್ಗೆ ಎದ್ದು ಒಂದು ಸಲ, ಊಟ ಆದ ಮೇಲೆ ಒಂದು ಸಲ, ಮಲಗುವ ಮುಂಚೆ ಒಂದು ಸಲ ತಮ್ಮದೇ ಹೆಸರು ಹುಡುಕುತ್ತಾರೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಿಂತು ಜೀನ್ಸ್ ಹೋಲ್‌ಸೇಲ್ ಅಂತ ಹುಡುಕಿದರೆ ಬರುವ ಪಟ್ಟಿ ಒಂದು, ಅದನ್ನೇ ಹೈದರಾಬಾದಿನ ವ್ಯಾಪಾರಿ ಹುಡುಕಿದರೆ ಬರುವ ಪಟ್ಟಿ ಇನ್ನೊಂದು. ಮ್ಯಾಪ್ ಜೊತೆ ಬರುವ ಅಂಗಡಿಗಳ ಪಟ್ಟಿಯಲ್ಲಂತೂ ಹುಡುಕುವವರು ಎಷ್ಟು ದೂರದಲ್ಲಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ ಅಂತ ಗೂಗಲ್ ತಾನೇ ಹೇಳುತ್ತದೆ. ನಿಮ್ಮ ಫೋನು ನಿಮಗೆ ತೋರಿಸುವುದು ನಿಮ್ಮ ಒಂದು ಜಾಗದ ಕಥೆ ಮಾತ್ರ. ನಿಮ್ಮ ಗಿರಾಕಿಗೆ ಏನು ಕಂಡಿತು ಅಂತ ತಿಳಿಯಲು ಸರ್ಚ್ ಕನ್ಸೋಲ್ ತೆರೆಯಿರಿ.

2. ಮೊದಲು ನಿಮ್ಮ ಮನೆಯ ಬಾಗಿಲು ನೋಡಿ

ಗೂಗಲ್‌ಗೆ ಬೈಯುವ ಮುಂಚೆ ಅರ್ಧ ಗಂಟೆ ಇದಕ್ಕೆ ಕೊಡಿ. ತಪ್ಪು ಇಲ್ಲೇ ಇದ್ದರೆ ಕಾಯುವ ಮಾತೇ ಇಲ್ಲ. ಒಂದು ದಿನ ಕಾದರೆ ಒಂದು ದಿನ ನಷ್ಟ.

ಸೈಟ್ ತೆರೆಯುತ್ತಿದೆಯಾ? ಡೊಮೇನ್, ಅಂದರೆ ನಿಮ್ಮ ಸೈಟಿನ ಹೆಸರು, ವರ್ಷದ ಬಾಡಿಗೆ ಕಟ್ಟದೆ ಮುಗಿದುಹೋಗಿದೆಯಾ? ಬ್ರೌಸರ್ "ಇದು ಸುರಕ್ಷಿತವಲ್ಲ" ಎಂಬ ಎಚ್ಚರಿಕೆ ತೋರಿಸುತ್ತಿದೆಯಾ? ಹಾಗೆ ತೋರಿಸಿದರೆ ಎಸ್‌ಎಸ್‌ಎಲ್ ಸರ್ಟಿಫಿಕೇಟ್‌ನ ಅವಧಿ ಮುಗಿದಿರಬಹುದು. ಸೈಟ್ ಸುರಕ್ಷಿತ ಅಂತ ಬ್ರೌಸರ್‌ಗೆ ತೋರಿಸುವ ಪತ್ರ ಅದು.

ಆಮೇಲೆ ಸರ್ಚ್ ಕನ್ಸೋಲ್‌ನಲ್ಲಿ ಮೂರು ಕಡೆ ಹೋಗಿ. ಮ್ಯಾನ್ಯುಯಲ್ ಆ್ಯಕ್ಷನ್ಸ್ ಎಂಬಲ್ಲಿ ಏನಾದರೂ ಇದ್ದರೆ, ಗೂಗಲ್‌ನ ಮನುಷ್ಯರೇ ನಿಮ್ಮ ಸೈಟ್ ನೋಡಿ ದಂಡ ಹಾಕಿದ್ದಾರೆ ಅಂತ ಅರ್ಥ. ತುಂಬಾ ಜನರಿಗೆ ಇದು ಖಾಲಿಯೇ ಇರುತ್ತದೆ. ಖಾಲಿ ಇದ್ದರೆ "ನನ್ನ ಸೈಟಿಗೆ ಗೂಗಲ್ ಶಿಕ್ಷೆ ಕೊಟ್ಟಿದೆ" ಅನ್ನುವ ಮಾತನ್ನು ಅಲ್ಲಿಗೇ ಬಿಟ್ಟುಬಿಡಿ. ಸೆಕ್ಯುರಿಟಿ ಇಶ್ಯೂಸ್ ಎಂಬಲ್ಲಿ ಏನಾದರೂ ಇದ್ದರೆ ಸೈಟ್ ಹ್ಯಾಕ್ ಆಗಿರಬಹುದು. ಮೂರನೆಯದು ಪೇಜಸ್. ಎಷ್ಟು ಪೇಜ್ ಇಂಡೆಕ್ಸ್‌ನಲ್ಲಿವೆ, ಎಷ್ಟು ಇಲ್ಲ, ಯಾಕಿಲ್ಲ ಎಂಬ ಪಟ್ಟಿ ಅಲ್ಲಿದೆ. ನಿಮ್ಮದು ಮೂವತ್ತು ಪೇಜಿನ ಸೈಟು, ಅಲ್ಲಿ ನೋಡಿದರೆ ನಿಮಗೇ ಗೊತ್ತಿಲ್ಲದ ಸಾವಿರಾರು ಪೇಜ್‌ಗಳು, ಅದೂ ಓದಲು ಬಾರದ ಭಾಷೆಯಲ್ಲಿ ಇವೆ ಅಂದರೆ ಹ್ಯಾಕ್ ಆಗಿರುವುದು ಬಹುತೇಕ ಖಚಿತ.

ಇಲ್ಲಿ ನಾನು ಪದೇ ಪದೇ ಕಂಡ ಎಡವಟ್ಟು ಎರಡು. ಒಂದು, ಸೈಟ್ ಕಟ್ಟಲು ತುಂಬಾ ಜನ ಬಳಸುವ ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗ್‌ನಲ್ಲಿ ಸರ್ಚ್ ಎಂಜಿನ್‌ಗಳು ಬರುವುದು ಬೇಡ ಎಂಬ ಒಂದು ಟಿಕ್ ಇದೆ. ಸೈಟ್ ಹೊಸದಾಗಿ ಮಾಡುವಾಗ ಅದನ್ನು ಹಾಕಿರುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯಲು ಮರೆಯುತ್ತಾರೆ. ಅಲ್ಲಿಗೆ ಅಂಗಡಿ ತೆರೆದು ಷಟರ್ ಇಳಿಸಿದ ಹಾಗಾಯಿತು.

ಎರಡು, ಹೊಸ ಡಿಸೈನ್ ಮಾಡಿಸಿದಾಗ ಹಳೆಯ ಪೇಜ್‌ಗಳ ವಿಳಾಸ ಬದಲಾಗುತ್ತದೆ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ವ್ಯವಸ್ಥೆ ಇರುವುದಿಲ್ಲ. ಅದಕ್ಕೆ 301 ರಿಡೈರೆಕ್ಟ್ ಅನ್ನುತ್ತಾರೆ, "ನಮ್ಮ ಅಂಗಡಿ ಸ್ಥಳಾಂತರವಾಗಿದೆ" ಅಂತ ಹಳೆಯ ಬಾಗಿಲಿಗೆ ಹಾಕುವ ಬೋರ್ಡ್ ಇದ್ದ ಹಾಗೆ. ಆ ಬೋರ್ಡನ್ನು ಕನಿಷ್ಠ ಒಂದು ವರ್ಷ ತೆಗೆಯಬೇಡಿ ಅಂತ ಗೂಗಲ್ ಹೇಳುತ್ತದೆ. ತೆಗೆಯದೇ ಬಿಟ್ಟರೂ ನಷ್ಟವಿಲ್ಲ.

3. ರ‍್ಯಾಂಕ್ ಬಿತ್ತಾ, ಹುಡುಕುವ ಜನವೇ ಕಡಿಮೆ ಆದರಾ?

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಸ್ವಲ್ಪ ನಿಧಾನವಾಗಿ ಓದಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತು. ಹೊಳೆದಂಡೆಯ ಊರುಗಳಿಗೆ ಎಚ್ಚರಿಕೆ ಕೊಟ್ಟರು. ಅದಾಗಿ ಐದು ದಿನಕ್ಕೆ, ಆಗಸ್ಟ್ 15ಕ್ಕೆ, ಗೂಗಲ್‌ನ ದೊಡ್ಡ ಅಪ್‌ಡೇಟ್ ಒಂದು ಶುರುವಾಯಿತು. ಅಂದರೆ ಯಾವ ಪೇಜ್ ಮೇಲೆ, ಯಾವುದು ಕೆಳಗೆ ಎಂಬ ಲೆಕ್ಕವನ್ನೇ ಗೂಗಲ್ ಬದಲಾಯಿಸುವುದು, ಅದರ ಕಥೆ ನಾಲ್ಕನೇ ಹಂತದಲ್ಲಿದೆ. ಸಾಲದ್ದಕ್ಕೆ ಅದೇ ಹೊತ್ತಿನಲ್ಲಿ ಗೂಗಲ್‌ನ ಕಡೆಯೇ ಬೇರೊಂದು ತಾಂತ್ರಿಕ ದೋಷವಾಗಿ ಎಷ್ಟೋ ಸೈಟ್‌ಗಳ ರ‍್ಯಾಂಕ್ ಅಲ್ಲಾಡಿತು. ಅದನ್ನು ಸರಿಮಾಡಲು ಅವರಿಗೆ ನಾಲ್ಕು ದಿನ ಹಿಡಿಯಿತು. ಈಗ ಹೇಳಿ, ಆ ವಾರ ಹೊಳೆದಂಡೆಯಲ್ಲಿರುವ ಆನೆಗೊಂದಿಯ ಹೋಂಸ್ಟೇ ಸೈಟಿಗೆ ಜನ ಕಡಿಮೆ ಬಂದಿದ್ದರೆ ಯಾರನ್ನು ದೂರಬೇಕು? ಹೊಳೆಯನ್ನಾ, ಅಪ್‌ಡೇಟನ್ನಾ, ಆ ದೋಷವನ್ನಾ? ಆ ನಾಲ್ಕು ದಿನದಲ್ಲಿ ಸೈಟ್ ಬಿಚ್ಚಿ ಜೋಡಿಸಲು ಕೂತವರು ಇನ್ನೊಬ್ಬರ ಮನೆಯ ಸೋರಿಕೆಗೆ ತಮ್ಮ ಹಂಚು ತೆಗೆದ ಹಾಗಾಯಿತು.

ಬೇರೆ ಮಾಡಿ ನೋಡುವುದು ಹೀಗೆ. ಸರ್ಚ್ ಕನ್ಸೋಲ್‌ನಲ್ಲಿ ಪರ್ಫಾರ್ಮೆನ್ಸ್ ತೆರೆಯಿರಿ. ಇಂಪ್ರೆಶನ್, ಕ್ಲಿಕ್, ಪೊಸಿಷನ್ ಮೂರನ್ನೂ ಆನ್ ಮಾಡಿ. ಪೊಸಿಷನ್ ಹಾಗೇ ಇದ್ದು ಇಂಪ್ರೆಶನ್ ಇಳಿದಿದ್ದರೆ ನೀವು ಇದ್ದ ಜಾಗದಲ್ಲೇ ಇದ್ದೀರಿ, ಹುಡುಕುವವರು ಕಡಿಮೆಯಾಗಿದ್ದಾರೆ. ಇದಕ್ಕೆ ಸೈಟಿನಲ್ಲಿ ಮಾಡುವುದೇನೂ ಇಲ್ಲ. ಪೊಸಿಷನ್ ಕೆಟ್ಟಿದ್ದರೆ, ಅಂದರೆ ಆ ನಂಬರ್ ದೊಡ್ಡದಾಗಿದ್ದರೆ, ಅದು ರ‍್ಯಾಂಕಿನ ವಿಷಯ, ಮುಂದಿನ ಹಂತಕ್ಕೆ ಬನ್ನಿ. ಪೊಸಿಷನ್ ಮತ್ತು ಇಂಪ್ರೆಶನ್ ಎರಡೂ ಹಾಗೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ, ನಿಮ್ಮ ಮೇಲೆ ಏನೋ ಹೊಸದು ಬಂದು ಕೂತಿರಬಹುದು. ಜಾಹೀರಾತು ಇರಬಹುದು, ಇಲ್ಲವೇ ಎಐ ಓವರ್‌ವ್ಯೂ ಇರಬಹುದು. ಅಂದರೆ ಗೂಗಲ್ ತಾನೇ ಉತ್ತರವನ್ನು ಚಿಕ್ಕದಾಗಿ ಬರೆದು ತೋರಿಸುವ ಪೆಟ್ಟಿಗೆ. ನಮ್ಮ ದೇಶದಲ್ಲಿ ಅದು 2024ರ ಆಗಸ್ಟ್‌ನಲ್ಲಿ ಬಂತು.

ಹೋಲಿಸುವಾಗ ಎಡವುವ ಜಾಗಗಳು ಕೆಲವಿವೆ.

ಗ್ರಾಫಿನ ತುದಿ ಕೆಳಗೆ ಬಾಗಿರುವುದನ್ನು ನೋಡಿ ಹೆದರಬೇಡಿ. ಕೊನೆಯ ಎರಡು ಮೂರು ದಿನದ ಲೆಕ್ಕ ಇನ್ನೂ ಪೂರ್ತಿ ಸೇರಿರುವುದಿಲ್ಲ.

ಸೋಮವಾರವನ್ನು ಭಾನುವಾರದ ಜೊತೆ ಹೋಲಿಸಬೇಡಿ. ಯಾವಾಗಲೂ ಪೂರ್ತಿ ವಾರಕ್ಕೆ ಪೂರ್ತಿ ವಾರ.

ಮೇ ತಿಂಗಳನ್ನು ಜನವರಿಯ ಜೊತೆಯಂತೂ ಬೇಡವೇ ಬೇಡ. ನಮ್ಮ ಕಡೆಯ ಮೇ ಬಿಸಿಲಿನಲ್ಲಿ ಹಂಪಿಯ ಬಂಡೆ ಹತ್ತಲು ಯಾರು ರೂಮ್ ಹುಡುಕುತ್ತಾರೆ? ಭತ್ತಕ್ಕೂ ಕಾಲವಿದೆ, ಹಬ್ಬದ ಜೀನ್ಸ್ ಆರ್ಡರಿಗೂ ಕಾಲವಿದೆ. ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಮಾತ್ರ ಇಟ್ಟುಕೊಂಡಿರುತ್ತದೆ. ಹಾಗಾಗಿ ಮೂರು ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಒತ್ತಿ ಶೀಟ್ ಇಳಿಸಿಟ್ಟುಕೊಳ್ಳಿ.

ಇಡೀ ಸೈಟಿನ ಸರಾಸರಿ ಪೊಸಿಷನ್ ಸಹ ಮೋಸ ಮಾಡುತ್ತದೆ. ನೀವು ಹತ್ತು ಹೊಸ ಪೇಜ್ ಹಾಕಿದ್ದೀರಿ, ಅವು ನಲವತ್ತನೇ ಜಾಗದಲ್ಲಿ ಕಾಣಿಸಿಕೊಂಡಿವೆ ಅಂದುಕೊಳ್ಳಿ. ಹಳೆಯವು ಒಂದೂ ಕದಲದಿದ್ದರೂ ಸರಾಸರಿ ಕೆಡುತ್ತದೆ. ಒಂದೊಂದು ಪೇಜನ್ನೇ ಬೇರೆಯಾಗಿ ನೋಡಿ.

ಇನ್ನು ಊರಿನ ಹೆಸರು. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಬೆಲ್ಲಾರಿ ಹೋಗಿ ಬಳ್ಳಾರಿ ಆಯಿತು, ಹಾಸ್ಪೆಟ್ ಹೋಗಿ ಹೊಸಪೇಟೆ ಆಯಿತು. ಹುಡುಕುವ ಜನ ಇನ್ನೂ ಎರಡನ್ನೂ ಬರೆಯುತ್ತಾರೆ. ಒಂದು ಸ್ಪೆಲ್ಲಿಂಗ್‌ನ ಲೆಕ್ಕ ಮಾತ್ರ ನೋಡಿ ಎದೆ ಒಡೆದುಕೊಳ್ಳಬೇಡಿ.

4. ಅಪ್‌ಡೇಟ್ ನಡೆಯುತ್ತಿದೆಯಾ, ತಾರೀಖು ಬರೆದುಕೊಳ್ಳಿ

ಕೋರ್ ಅಪ್‌ಡೇಟ್ ಅಂದರೆ ಯಾವ ಪೇಜ್ ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸುವ ವ್ಯವಸ್ಥೆಯನ್ನೇ ಗೂಗಲ್ ದೊಡ್ಡದಾಗಿ ಬದಲಾಯಿಸುವುದು. ನಿಮ್ಮೊಬ್ಬರ ಉತ್ತರಪತ್ರಿಕೆ ಅಲ್ಲ, ಇಡೀ ತರಗತಿಯ ಉತ್ತರಪತ್ರಿಕೆಗಳನ್ನು ಮತ್ತೊಮ್ಮೆ ತಿದ್ದಿದ ಹಾಗೆ. ನೀವು ಏನೂ ತಪ್ಪು ಮಾಡದೆಯೂ ಪಕ್ಕದವರಿಗೆ ಜಾಸ್ತಿ ಅಂಕ ಬಂದು ನೀವು ಕೆಳಗೆ ಹೋಗಬಹುದು.

ಇದು ಗುಟ್ಟಾಗಿ ನಡೆಯುವುದಿಲ್ಲ. ಗೂಗಲ್ ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್ ಎಂಬ ಪೇಜಿನಲ್ಲಿ ಶುರುವಾದ ದಿನ, ಮುಗಿದ ದಿನ ಎರಡನ್ನೂ ಹಾಕುತ್ತಾರೆ. ಆ ತಾರೀಖುಗಳನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ.

ಎಷ್ಟು ದಿನ ಹಿಡಿಯುತ್ತದೆ? ಒಂದೇ ಲೆಕ್ಕವಿಲ್ಲ. 2024ರ ಮಾರ್ಚ್ 5ಕ್ಕೆ ಶುರುವಾದದ್ದು ಏಪ್ರಿಲ್ 19ಕ್ಕೆ ಮುಗಿಯಿತು, 45 ದಿನ. ಅದೇ ವರ್ಷ ಆಗಸ್ಟ್ 15ರದ್ದು ಸೆಪ್ಟೆಂಬರ್ 3ಕ್ಕೆ ಮುಗಿಯಿತು. ನವೆಂಬರ್ 11ರದ್ದು ಡಿಸೆಂಬರ್ 5ರ ತನಕ ನಡೆದು, ಒಂದು ವಾರ ಬಿಟ್ಟು ಡಿಸೆಂಬರ್ 12ಕ್ಕೆ ಇನ್ನೊಂದು ಶುರುವಾಯಿತು. ಅದು 18ಕ್ಕೇ ಮುಗಿಯಿತು. ಡಿಸೆಂಬರ್ 6ಕ್ಕೆ "ಅಬ್ಬಾ, ಮುಗಿಯಿತು" ಅಂತ ಸೈಟ್ ಬಿಚ್ಚಿದವರ ಗತಿ ಏನಾಗಿರಬೇಡ.

ಅಪ್‌ಡೇಟ್ ನಡೆಯುವಾಗ ರ‍್ಯಾಂಕ್ ಇವತ್ತು ಕೆಳಗೆ, ನಾಳೆ ಮೇಲೆ, ನಾಡಿದ್ದು ಮತ್ತೆ ಕೆಳಗೆ ಹೋಗುವುದು ಮಾಮೂಲು. ನಡುವಿನ ಯಾವ ದಿನದ ನಂಬರನ್ನೂ ಕೊನೆಯದು ಅಂದುಕೊಳ್ಳಬೇಡಿ.

5. ಮುಗಿಯುವ ತನಕ ಕೈ ಹಾಕಬೇಡಿ

ನಾನೇ ಒಮ್ಮೆ ಕೆಟ್ಟಿದ್ದೇನೆ. ಒಂದು ಅಪ್‌ಡೇಟ್ ನಡುವೆ ಸೈಟ್ ಬಿತ್ತು ಅಂತ ಒಂದೇ ರಾತ್ರಿಯಲ್ಲಿ ಎಲ್ಲ ಪೇಜಿನ ಹೆಡ್ಡಿಂಗ್ ಬದಲಾಯಿಸಿದೆ, ಕೆಲವು ಪೇಜ್ ಅಳಿಸಿದೆ. ಎರಡು ವಾರಕ್ಕೆ ಸ್ವಲ್ಪ ಮೇಲೆ ಬಂತು, ಮತ್ತೆ ಬಿತ್ತು. ಯಾವುದರಿಂದ ಏರಿತು, ಯಾವುದರಿಂದ ಇಳಿಯಿತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ನಾಟಿ ಮಾಡಿದ ಸಸಿ ಬೇರು ಬಿಟ್ಟಿದೆಯಾ ಅಂತ ದಿನಾ ಕಿತ್ತು ನೋಡಿದರೆ ಆಗುವುದೂ ಇಷ್ಟೇ.

ಈ ದಿನಗಳಲ್ಲಿ ಹೆಡ್ಡಿಂಗ್ ಬದಲಾಯಿಸಬೇಡಿ, ಥೀಮ್ ಬದಲಾಯಿಸಬೇಡಿ, ಡೊಮೇನ್ ಬದಲಾಯಿಸಬೇಡಿ. ಹಳೆಯ ಪೇಜ್‌ಗಳನ್ನು ಗುಡಿಸಿ ಹಾಕಬೇಡಿ. ಒಳಗಿನ ಒಂದು ಅಕ್ಷರ ಮುಟ್ಟದೆ ಮೇಲಿನ ತಾರೀಖು ಮಾತ್ರ ಹೊಸದು ಮಾಡುವ ಜಾಣತನ ಬೇಡ. ಸರ್ಚ್ ಕನ್ಸೋಲ್‌ನಲ್ಲಿ ರಿಕ್ವೆಸ್ಟ್ ಇಂಡೆಕ್ಸಿಂಗ್ ಅಂತ ಒಂದು ಬಟನ್ ಇದೆ, ಈ ಪೇಜನ್ನು ಪಟ್ಟಿಗೆ ಸೇರಿಸಿ ಅಂತ ಗೂಗಲ್‌ಗೆ ಕೇಳಲು. ಅದನ್ನು ದಿನಾ ಒತ್ತುವುದರಿಂದ ರ‍್ಯಾಂಕ್ ಬರುವುದಿಲ್ಲ. ಡಿಸ್‌ಅವೋ ಎಂಬ ಒಂದು ಸಾಧನವಿದೆ, ಬೇರೆ ಸೈಟ್‌ಗಳಿಂದ ನಮಗೆ ಬಂದ ಕೆಟ್ಟ ಲಿಂಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಗೂಗಲ್‌ಗೆ ಹೇಳಲು. ತಪ್ಪಾಗಿ ಬಳಸಿದರೆ ಒಳ್ಳೆಯ ಲಿಂಕ್‌ಗಳೂ ಹೋಗುತ್ತವೆ. ಅದರ ಹತ್ತಿರವೂ ಸುಳಿಯಬೇಡಿ. ಹೊಸ ಸ್ಟಾಕ್ ಹಾಕುವುದು, ರೇಟ್ ಬದಲಾಯಿಸುವುದು, ತಪ್ಪಿದ್ದ ಫೋನ್ ನಂಬರ್ ತಿದ್ದುವುದು ಇವೆಲ್ಲ ದಿನದ ಕೆಲಸ, ಮಾಡಿ.

ಇನ್ನು ಆ ಫೋನ್ ಕಾಲ್. ರ‍್ಯಾಂಕ್ ಬಿದ್ದ ವಾರವೇ ಅದು ಹೇಗೋ ಬಂದೇ ಬರುತ್ತದೆ. "ಒಂದು ತಿಂಗಳಲ್ಲಿ ನಂಬರ್ ಒನ್, ಗ್ಯಾರಂಟಿ ಸಾರ್." ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಅಂತ ಗೂಗಲ್ ತಾನೇ ಬರೆದಿಟ್ಟಿದೆ. ಇವರಲ್ಲಿ ಹಲವರು ಮಾಡುವುದು ಲಿಂಕ್ ಕೊಂಡು ತರುವುದು. ಅಂದರೆ ದುಡ್ಡು ಕೊಟ್ಟು, ಗುರುತು ಪರಿಚಯವಿಲ್ಲದ ನೂರಾರು ಸೈಟ್‌ಗಳಲ್ಲಿ ನಿಮ್ಮ ಸೈಟಿನ ಲಿಂಕ್ ಹಾಕಿಸುವುದು. 2012ರಲ್ಲಿ ಪೆಂಗ್ವಿನ್ ಎಂಬ ಅಪ್‌ಡೇಟ್ ಬಂದಾಗಿನಿಂದ ಗೂಗಲ್ ಇದರ ಬೆನ್ನು ಹತ್ತಿದೆ. ಹಣವೂ ಹೋಗಿ, ಎರಡನೇ ಹಂತದಲ್ಲಿ ಖಾಲಿ ಇದ್ದ ಮ್ಯಾನ್ಯುಯಲ್ ಆ್ಯಕ್ಷನ್ಸ್ ಪೇಜ್ ತುಂಬಲೂಬಹುದು.

6. ಒಂದು ವಾರ ಬಿಟ್ಟು ಲೆಕ್ಕ ತೆಗೆಯಿರಿ

ಅಪ್‌ಡೇಟ್ ಮುಗಿದ ಮೇಲೂ ಪೂರ್ತಿ ಒಂದು ವಾರ ಬಿಡಿ. ಇದು ಗೂಗಲ್‌ನದೇ ಸಲಹೆ. ಆ ವಾರವನ್ನು, ಅಪ್‌ಡೇಟ್ ಶುರುವಾಗುವ ಮುಂಚಿನ ವಾರದ ಜೊತೆ ಹೋಲಿಸಿ. ನಡುವಿನ ದಿನಗಳನ್ನು ಲೆಕ್ಕಕ್ಕೇ ತರಬೇಡಿ. ನೋಟ್‌ಬುಕ್‌ನ ತಾರೀಖು ಈಗ ಕೆಲಸಕ್ಕೆ ಬರುತ್ತದೆ.

ಪೊಸಿಷನ್ ಎರಡರಿಂದ ನಾಲ್ಕಕ್ಕೆ ಹೋಗಿದ್ದರೆ ಬಿಟ್ಟುಬಿಡಿ. ಸರಿ ಇರುವುದನ್ನು ತಿದ್ದಲು ಹೋಗಿ ಕೆಡಿಸುವುದು ಬೇಡ. ನಾಲ್ಕರಿಂದ ಮೂವತ್ತಕ್ಕೆ ಹೋಗಿದ್ದರೆ, ಅದೂ ಒಂದೆರಡು ಪೇಜ್ ಅಲ್ಲ, ಮುಖ್ಯವಾದವೆಲ್ಲ ಹೋಗಿದ್ದರೆ, ಆಗ ಕೂತು ಓದಬೇಕು. ಹೆಚ್ಚು ಕ್ಲಿಕ್ ಕಳೆದುಕೊಂಡ ಐದು ಪೇಜ್ ಬರೆದುಕೊಳ್ಳಿ. ಈಗ ನಿಮ್ಮ ಮೇಲೆ ಕೂತವರ ಪೇಜ್ ತೆಗೆದು, ನೀವೇ ಗಿರಾಕಿ ಅಂದುಕೊಂಡು ಓದಿ. ಇಲ್ಲಿ ಪ್ರಾಮಾಣಿಕವಾಗಿರುವುದು ಸ್ವಲ್ಪ ಕಷ್ಟ, ಒಪ್ಪುತ್ತೇನೆ.

ಅಕ್ಕಿ ಮಿಲ್ಲಿನ ಸೈಟುಗಳಲ್ಲಿ ನಾನು ನೋಡುವುದು ಹೀಗಿರುತ್ತದೆ: ಸೋನಾ ಮಸೂರಿ ಭಾರತದ ಪ್ರಸಿದ್ಧ ಅಕ್ಕಿ, ಆರೋಗ್ಯಕ್ಕೆ ಒಳ್ಳೆಯದು, ನಮ್ಮದು ಉತ್ತಮ ಗುಣಮಟ್ಟ. ಇದನ್ನು ಯಾರು ಬೇಕಾದರೂ ಬರೆಯಬಹುದು, ಬರೆದೂ ಇದ್ದಾರೆ. ಕೊಳ್ಳುವವರಿಗೆ ಬೇಕಾದದ್ದು ಬೇರೆ. ಹೊಸ ಅಕ್ಕಿಯೋ ಹಳೆಯದೋ? ಎಷ್ಟು ತಿಂಗಳು ಇಟ್ಟದ್ದು? ನುಚ್ಚು ಎಷ್ಟು? ಸ್ಟೀಮೋ ರಾವೋ? ಯಾವ ತೂಕದ ಚೀಲ ಇದೆ? ಇದು ನಿಮಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಸೈಟಿನಲ್ಲಿ ಮಾತ್ರ ಇಲ್ಲ.

ಜೀನ್ಸ್‌ನವರೂ ಅಷ್ಟೇ. ಕಡಿಮೆ ಅಂದರೆ ಎಷ್ಟು ಪೀಸ್ ಕೊಡುತ್ತೀರಿ, ಒಂದು ಸೆಟ್‌ನಲ್ಲಿ ಯಾವ ಯಾವ ಸೈಜ್, ಬಟ್ಟೆ ಎಷ್ಟು ಔನ್ಸ್, ಯಾವ ವಾಶ್, ಡ್ಯಾಮೇಜ್ ಬಂದರೆ ವಾಪಸ್ ತಗೋತೀರಾ? ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ ಅಂತ ಒಂದು ಸಾಲು ಹಾಕಿ ಕೈ ತೊಳೆದುಕೊಳ್ಳುವವರು, ಹಗುರ ಮರವನ್ನು ಕೆತ್ತಿ ಹುಣಸೆ ಬೀಜದ ಅಂಟಿನಿಂದ ಜೋಡಿಸುವುದನ್ನು ನಾಲ್ಕು ಫೋಟೋದಲ್ಲಿ ತೋರಿಸಬಹುದು. ಹೋಂಸ್ಟೇಯವರು ಹೊಳೆ ತುಂಬಿ ದೋಣಿ ನಿಂತಾಗ ಹಂಪಿಯಿಂದ ಯಾವ ರಸ್ತೆಯಲ್ಲಿ ಸುತ್ತಿ ಬರಬೇಕು ಅಂತ ಬರೆಯಲಿ. ಅಂಜನಾದ್ರಿಯ ಮೆಟ್ಟಿಲು ಹತ್ತಲು ವಯಸ್ಸಾದವರು ಎಷ್ಟು ಗಂಟೆಗೆ ಹೊರಟರೆ ಬಿಸಿಲು ತಪ್ಪುತ್ತದೆ ಅಂತ ಬರೆಯಲಿ.

7. ಒಂದೊಂದೇ ತಿದ್ದಿ, ದಿನ ಗೊತ್ತು ಮಾಡಿ ಕಾಯಿರಿ

ಒಂದು ಪೇಜ್ ತಿದ್ದಿ. ಏನು ತಿದ್ದಿದಿರಿ, ಯಾವ ದಿನ ಅಂತ ಬರೆಯಿರಿ. ಎರಡು ವಾರಕ್ಕೆ ಇನ್ನೊಂದು. ನೋಡುವುದು ವಾರಕ್ಕೆ ಒಂದೇ ಸಲ. ನಾನು ಸೋಮವಾರ ಬೆಳಿಗ್ಗೆ ಇಟ್ಟುಕೊಂಡಿದ್ದೇನೆ.

ಕೆಲವು ಬದಲಾವಣೆ ಕೆಲವೇ ದಿನದಲ್ಲಿ ಕಾಣಬಹುದು, ಕೆಲವಕ್ಕೆ ತಿಂಗಳುಗಳೇ ಬೇಕು. ಪೂರ್ತಿ ಫಲ ಕಾಣಲು ಮುಂದಿನ ಕೋರ್ ಅಪ್‌ಡೇಟ್ ತನಕ ಕಾಯಬೇಕಾಗಲೂಬಹುದು. ತಿದ್ದಿದರೆ ಹಳೆಯ ಜಾಗ ಸಿಕ್ಕೇ ಸಿಗುತ್ತದೆ ಅಂತಲೂ ಇಲ್ಲ.

ಅಲ್ಲಿಯ ತನಕ ಟೇಲರ್‌ಗಳ ವಾರದ ಸಂಬಳ ಕಾಯುತ್ತದೆಯಾ? ಕಾಯುವುದಿಲ್ಲ. ಹಾಗಾಗಿ ಗೂಗಲ್ ಒಂದನ್ನೇ ನಂಬಿ ಕೂರಬೇಡಿ. ಹಳೆಯ ಗಿರಾಕಿಗಳ ನಂಬರ್ ತೆಗೆದು ಹೊಸ ಸ್ಟಾಕಿನ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ, ಅಂದರೆ ಮ್ಯಾಪ್‌ನಲ್ಲಿ ಕಾಣುವ ನಿಮ್ಮ ಅಂಗಡಿಯ ಕಾರ್ಡ್‌ನಲ್ಲಿ, ಸಮಯ, ಫೋನ್ ನಂಬರ್, ಫೋಟೋ ಸರಿ ಇವೆಯಾ ನೋಡಿ. ಗಿರಾಕಿಗಳು ಬರೆದ ರಿವ್ಯೂಗೆ ಉತ್ತರ ಕೊಡಿ. ಹೋಂಸ್ಟೇ ಆದರೆ ಹೋದ ಸೀಸನ್‌ನಲ್ಲಿ ಬಂದವರಿಗೆ ಒಂದು ಮೆಸೇಜ್ ಹಾಕಿ.

ಎರಡು ಅಪ್‌ಡೇಟ್ ದಾಟಿ, ಐದೂ ಪೇಜ್ ತಿದ್ದಿಯೂ ಏನೂ ಕದಲಲಿಲ್ಲ ಅಂದರೆ ಆ ಹುಡುಕಾಟವೇ ನಿಮಗೆ ದೊಡ್ಡದಿರಬಹುದು. "ಸೋನಾ ಮಸೂರಿ ಅಕ್ಕಿ" ಎಂಬುದಕ್ಕೆ ದೇಶವೇ ಪೈಪೋಟಿಗೆ ನಿಂತಿದೆ. "ಒಂದು ವರ್ಷ ಹಳೆಯ ಸೋನಾ ಮಸೂರಿ, ಗಂಗಾವತಿ ಮಿಲ್ ರೇಟ್" ಎಂಬುದಕ್ಕೆ ಅಷ್ಟು ಜನ ಇರುವುದಿಲ್ಲ. ಹುಡುಕುವವರು ಕಡಿಮೆ, ಆದರೆ ಹುಡುಕಿದವರು ಕೊಳ್ಳಲೆಂದೇ ಬಂದಿರುತ್ತಾರೆ.

ಇಷ್ಟು ಮಾಡಿದ ಮೇಲೂ ತಲೆಕೆಟ್ಟರೆ ಕೇಳಿ, ಬೇಜಾರಿಲ್ಲ. ಆದರೆ ಕೇಳುವಾಗ ಮೂರು ಜೊತೆಗಿರಲಿ: ಅಪ್‌ಡೇಟಿನ ಎರಡು ತಾರೀಖು, ಆ ಎರಡು ವಾರಗಳ ಹೋಲಿಕೆಯ ಸ್ಕ್ರೀನ್‌ಶಾಟ್, ಐದು ಪೇಜಿನ ಪಟ್ಟಿ. ಬರೀ "ಹೋತ್ರಿ ಸರ, ಎಲ್ಲಾ ಹೋತು" ಅಂದರೆ, "ಹೌದೇನ್ರಿ?" ಅನ್ನುವುದು ಬಿಟ್ಟು ನಾನಾದರೂ ಏನು ಹೇಳಲಿ.